ಗುಲಾಬಿ ಹೂವಿನ ಚೀಟಿ

ಜನವರಿ 5, ರವಿವಾರ

ಈ ಡೈರಿಯನ್ನು ಯಾವುದೋ ಔಷಧ ಕಂಪನಿಯವರು ನನ್ನ ಶಾನುಗೆ ಬಿಟ್ಟಿ ಕೊಟ್ಟಿದ್ದಾರೆ. ಪ್ರತಿ ಪುಟದ ಮೂಲೆಯಲ್ಲೂ ಒಂದು ಲಿವರ್ ಚಿತ್ರ. ಮದುವೆಯಾಗಿ ಮೂವತ್ತಮೂರನೇ ದಿನಕ್ಕೆ ಗಂಡನಿಂದ ಸಿಕ್ಕ ಉಡುಗೊರೆಯ ತುಂಬ ಲಿವರ್! ಆದರೂ ನನಗೆ ಮುದ್ದು ಬಂತು. ಅವನು ಏನು ಕೊಟ್ಟರೂ ನನಗೆ ಮುದ್ದೇ.

ಹೊರಗೆ ಎಲ್ಲರೆದುರು ಅವನು ‘ರೀ’. ಇಲ್ಲಿ ಮಾತ್ರ ಶಾನು. ಶಾಂತಕುಮಾರ ಎಂಬ ಹೆಸರು ಬೀರುವಿನಷ್ಟು ಭಾರವಾಗಿದೆ, ಅದನ್ನು ಯಾರು ಎತ್ತುತ್ತಾರೆ?

ನಾಳೆಯಿಂದ ನಾನು ಇಲ್ಲಿನ ಕಾನ್ವೆಂಟ್ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಕಲಬುರಗಿಯಲ್ಲಿ ಹುಟ್ಟಿ ಬೆಳೆದು, ನರ್ಸರಿಯಿಂದ ಡಿಗ್ರಿಯವರೆಗೆ ಇಂಗ್ಲಿಷಿನಲ್ಲೇ ಓದಿದವಳು ಅಫಜಲಪುರದ ಧೂಳಿನಲ್ಲಿ ಪಾಠ ಹೇಳುವುದೆಂದರೆ ಇವರ ಪುಣ್ಯ. ಪ್ರಿನ್ಸಿಪಾಲ್ ಸಿಸ್ಟರ್ ಲಿಯೋನಿಲ್ಲಾ ಕಾರ್ಕಳದ ಕಡೆಯವರು, ಅರವತ್ತರ ಹತ್ತಿರದ ಹೆಂಗಸು. ಸಂದರ್ಶನದಲ್ಲಿ ನನ್ನ ಇಂಗ್ಲಿಷ್ ಕೇಳಿಸಿಕೊಂಡು ಅವರು ಹೇಳಿದ್ದಿಷ್ಟೆ: “ಚೆಂದ ಉಂಟು. ಆದರೆ ಈ ಮಕ್ಕಳು ಅಳುವುದು ಕನ್ನಡದಲ್ಲಿ. ನೀವು ಸ್ವಲ್ಪ ಕನ್ನಡ ಬರೆದು ಅಭ್ಯಾಸ ಮಾಡಿ.” ಅದಕ್ಕೇ ಈ ಡೈರಿ ಕನ್ನಡದಲ್ಲಿ. ನನಗೆ ಅಭ್ಯಾಸ ಬೇಕಂತೆ!

ಜನವರಿ 7, ಮಂಗಳವಾರ

ಸ್ಟಾಫ್ ರೂಮ್ ಎಂದರೆ ನಾಲ್ಕು ಕುರ್ಚಿ, ಒಂದು ಗೋಡೆ ಗಡಿಯಾರ, ಅದರ ಕೆಳಗೆ ಪಿ.ಟಿ. ಮಾಸ್ತರ ದೌಲತರಾಯ. ಆತನ ಎಡಗೆನ್ನೆಯಲ್ಲಿ ಗುಟ್ಕಾ ಸದಾ ವಾಸ. ಮಾತಾಡುವಾಗ ತಲೆಯನ್ನು ಮೇಲಕ್ಕೆತ್ತಿಕೊಳ್ಳುತ್ತಾನೆ, ಚೆಲ್ಲಬಾರದಲ್ಲ.

ಹುಡುಗರೋ, ದೇವರೇ! ‘ಗುಡ್ ಮಾರ್ನಿಂಗ್’ ಎಂಬ ಎರಡು ಪದವನ್ನು ರಾಗ ಎಳೆದು ಅರ್ಧ ನಿಮಿಷ ಹಾಡುತ್ತಾರೆ. ಹತ್ತನೇ ತರಗತಿಯಲ್ಲಿ ಒಬ್ಬಳಿಗೆ ಮಾತ್ರ ತಲೆ ಇದ್ದಂತಿದೆ. ಗೊಬ್ಬೂರಿನ ಯಶೋಧರಾ ಅಂತೆ, ಸಿಸ್ಟರುಗಳ ಹಾಸ್ಟೆಲಿನಲ್ಲಿ ಇರುತ್ತಾಳೆ. ನಾನು ಬೋರ್ಡಿನ ಮೇಲೆ ಬರೆದುದನ್ನು ನನ್ನ ಅಕ್ಷರದ ಸುರುಳಿಯ ಸಮೇತ ನಕಲು ಮಾಡುತ್ತಾಳೆ. ಪಾಪ, ರುಚಿ ಇದೆ ಹುಡುಗಿಗೆ.

ಸಂಜೆ ನಮ್ಮ ಅಂಗಡಿಗೆ ಹೋದೆ. ಬಸ್ ನಿಲ್ದಾಣದ ಎದುರು, ಅತ್ತೆಯ ಹೆಸರಿನ ಸುಭದ್ರಾ ಮೆಡಿಕಲ್. ಮೊದಲು ಅದೊಂದು ಕತ್ತಲ ಗೂಡಾಗಿತ್ತು. ಈಗ ನನ್ನ ಕೈ ಬಿದ್ದಿದೆ! ಗುಲಾಬಿ ಬಣ್ಣದ ಅಂಟುಹಾಳೆಯನ್ನು ಐದು ಎಸಳಿನ ಹೂವಿನಂತೆ ಕತ್ತರಿಸುತ್ತೇನೆ. ಪ್ರತಿಯೊಂದರ ಮೇಲೂ ‘ಬೇಗ ಹುಷಾರಾಗ್ರಿ!’ ಎಂದು ನನ್ನ ಕೈಯಾರೆ ಬರೆದು, ಪಕ್ಕದಲ್ಲಿ ಒಂದು ನಗುಮುಖ ಬಿಡಿಸುತ್ತೇನೆ. ಅಂಗಡಿಯಿಂದ ಹೊರಡುವ ಪ್ರತಿ ಬಾಟಲಿಯ ಬೆನ್ನಿಗೂ ಒಂದು ಹೂವು. ಇಡೀ ತಾಲ್ಲೂಕಿನಲ್ಲಿ ಇಂಥದ್ದು ಯಾರ ತಲೆಗೂ ಹೊಳೆದಿಲ್ಲ.

ಶಾನು ಇವತ್ತು ಹೇಳಿದ: “ವಿದ್ಯಾ, ನಿನ್ನ ಹೂವಿನ ಸಲುವಾಗಿ ಕಾನ್ವೆಂಟ್ ಹುಡುಗ್ಯಾರೂ ನಮ್ಮ ಅಂಗಡಿಗೇ ಬರಾಕತ್ತಾರ ನೋಡು. ಎದುರಿನ ಅಂಗಡ್ಯಾವ ಹೊಟ್ಟಿ ಉರಕೋಳಾಕತ್ತಾನ.”

ನನಗೆ ಅಲ್ಲೇ ಕುಣಿಯಬೇಕು ಎನಿಸಿತು. ಅತ್ತೆ ಕೂತಿದ್ದರು, ಕುಣಿಯಲಿಲ್ಲ.

ಜನವರಿ 16, ಗುರುವಾರ

ಮಾದಕ ವಸ್ತು ವಿರೋಧಿ ಸಮಿತಿ ಎಂದು ಸಿಸ್ಟರ್ ಒಂದನ್ನು ಮಾಡಿದ್ದಾರೆ. ಸಂಚಾಲಕಿ ನಾನು! ಮದುವೆಗೆ ಮುಂಚೆ ಆರು ವಾರದ ಆನ್‌ಲೈನ್ ಮನಶ್ಶಾಸ್ತ್ರ ಕೋರ್ಸ್ ಮಾಡಿದ್ದು ಕೊನೆಗೂ ಉಪಯೋಗಕ್ಕೆ ಬಂತು.

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಪ್ರತಿಜ್ಞೆ. ‘ನಾನು ಯಾವ ಅಮಲಿನ ಪದಾರ್ಥವನ್ನೂ ಮುಟ್ಟುವುದಿಲ್ಲ’ ಎಂದು ಹೇಳಿಸಿದವರು ದೌಲತರಾಯ ಸರ್. ನಡುವೆ ಒಮ್ಮೆ ಗೋಡೆಯಾಚೆ ಉಗುಳಿ ಬರಲು ಪ್ರತಿಜ್ಞೆ ನಿಂತಿತ್ತು. ಆರುನೂರು ಮಕ್ಕಳು ಕೈ ಚಾಚಿಕೊಂಡೇ ಕಾದರು.

ಆಮೇಲೆ ಮಕ್ಕಳೆಲ್ಲ ಒಂದೊಂದು ಕಾರ್ಡಿಗೆ ಸಹಿ ಹಾಕಿ ಮರಿಯಮ್ಮನವರ ಪ್ರತಿಮೆಯ ಕೆಳಗಿನ ಮರದ ಪೆಟ್ಟಿಗೆಗೆ ಹಾಕಿದರು. ಅದೇ ಪೆಟ್ಟಿಗೆಗೆ ಮನಸ್ಸಿನಲ್ಲಿದ್ದುದನ್ನೂ ಹೆಸರಿಲ್ಲದೆ ಬರೆದು ಹಾಕಬಹುದು, ಸಿಸ್ಟರ್ ಶುಕ್ರವಾರ ಶುಕ್ರವಾರ ಕೂತು ಓದುತ್ತಾರಂತೆ. ನಾನು ಇಣುಕಿದೆ. ಹಾಸ್ಟೆಲಿನ ಉಪ್ಪಿಟ್ಟಿನ ಮೇಲೆ ಹನ್ನೆರಡು ದೂರು.

ಈ ನನ್‌ಗಳಿಗೆ ಪ್ರಪಂಚ ಗೊತ್ತಿಲ್ಲ. ಪೆಟ್ಟಿಗೆ ಇಟ್ಟರೆ ಪಾಪ ತಾನಾಗಿ ಬಂದು ಬೀಳುತ್ತದೆ ಎಂದುಕೊಂಡಿದ್ದಾರೆ. ಭಯ ಬೇಕು, ಭಯ.

ಜನವರಿ 21, ಮಂಗಳವಾರ

ಸಿಕ್ಕಿಬಿದ್ದಳು! ಬೇರೆ ಯಾರೂ ಅಲ್ಲ, ಆ ಯಶೋಧರಾ!

ಪ್ರಾರ್ಥನೆಯಲ್ಲಿ ನಿಂತಲ್ಲೇ ತೂಗಾಡಿದಳು. ಬಿಸಿಲು ಹತ್ತಿರಬೇಕೆಂದು ಹಿಡಿದು ಕೂಡಿಸಿದರೆ ಕಣ್ಣೆಲ್ಲ ಅರ್ಧ ಮುಚ್ಚಿವೆ, ನಾಲಿಗೆ ತೊದಲುತ್ತಿದೆ. ಚೀಲ ಹುಡುಕಿದೆ. ಟಿಫಿನ್ ಡಬ್ಬಿಯ ಕೆಳಗೆ ಕೆಮ್ಮಿನ ಸಿರಪ್ ಬಾಟಲಿ, ಮುಕ್ಕಾಲು ಖಾಲಿ. ಡಾಕ್ಟರ ಚೀಟಿ ಇಲ್ಲದೆ ಯಾರೂ ಕೊಡಬಾರದ ಅಮಲಿನ ಸಿರಪ್. ಅಷ್ಟು ಗೊತ್ತು ನನಗೆ, ಮೆಡಿಕಲ್ ಅಂಗಡಿಯ ಸೊಸೆ ನಾನು. ಬಾಟಲಿಯ ಬೆನ್ನಿನಿಂದ ಏನನ್ನೋ ಕಿತ್ತು ಹಾಕಿದ್ದಾಳೆ, ಅಂಟಿನ ಗುರುತಿಗೆ ಧೂಳು ಮೆತ್ತಿದೆ. ಕುಡಿಯುವುದಷ್ಟೇ ಅಲ್ಲ, ಸಾಕ್ಷಿ ಅಳಿಸುವ ಬುದ್ಧಿಯೂ ಇದೆ ಇವಳಿಗೆ.

ನನ್ನ ಅಕ್ಷರ ನಕಲು ಮಾಡುವವಳು ಇಂಥವಳು. ಅಸಹ್ಯವಾಯಿತು.

ಜನವರಿ 23, ಗುರುವಾರ

ಸಮಿತಿಯ ಸಭೆಯಲ್ಲಿ ನಾನು, ಸಿಸ್ಟರ್, ದೌಲತರಾಯ ಮೂವರೇ. ಯಶೋಧರಾ ಗೋಡೆಗೆ ಆನಿಕೊಂಡು ನಿಂತಿದ್ದಳು. ದೌಲತರಾಯ ಮೊದಲೇ ಟಿ.ಸಿ. ಫಾರ್ಮು ತಂದಿಟ್ಟಿದ್ದ.

ಸಿಸ್ಟರ್ ಅದನ್ನು ಮಗುಚಿ ಇಟ್ಟು ಕೇಳಿದರು: “ಯಾಕೆ ಕುಡಿದದ್ದು ಮಗಾ?”

“ಡಿಸೆಂಬರ್ದಾಗ ಖರೇನೇ ಕೆಮ್ಮಿತ್ತುರಿ ಸಿಸ್ಟರ್. ಆಮ್ಯಾಲ ಕೆಮ್ಮು ಹೋಯ್ತು. ಆದ್ರ ಅದನ್ನ ಕುಡದ್ರ ತಲಿಯೊಳಗಿನ ಗದ್ದಲ ನಿಂದರ್ತಿತ್ರಿ. ಪರೀಕ್ಷಾ, ಪರೀಕ್ಷಾ ಅಂತ ಎಲ್ಲಾರೂ ಒಂದೇ ಸವನ ಅಂತಿರ್ತೀರಲ್ರಿ.”

“ಕೊಟ್ಟವರು ಯಾರು?” ಎಂದೆ ನಾನು.

ಆಕೆ ನನ್ನ ಮುಖ ನೋಡಿದಳು. ಆಮೇಲೆ ನೆಲ.

“ಯಾವ ಅಂಗಡಿ ಅಂತ ಕೇಳಾಕತ್ತೇನಿ. ಬಾಯಿ ಇಲ್ಲೇನ್ ನಿಂಗ?”

“ಹೇಳಂಗಿಲ್ರಿ ಮಿಸ್.”

ಎಂಥ ಸೊಕ್ಕು! ನಾನೇ ಒಂದು ನಿಯಮ ಮಾಡಿದೆ: ಫೆಬ್ರವರಿ ಏಳರೊಳಗೆ ಮಾರಿದವರ ಹೆಸರು ಹೇಳಿದರೆ ಶಾಲೆಯಲ್ಲಿ ಉಳಿಯಲಿ, ಹೇಳದಿದ್ದರೆ ಟಿ.ಸಿ. ಟಿ.ಸಿ. ಎಂದರೆ ಹಾಲ್ ಟಿಕೆಟ್ ಇಲ್ಲ, ಮಾರ್ಚಿನ ಪರೀಕ್ಷೆ ಇಲ್ಲ. ದೌಲತರಾಯ ಮೇಜು ತಟ್ಟಿದ. ಸಿಸ್ಟರ್ ಮಾತ್ರ, “ನನಗೆ ಬೇಕಾದದ್ದು ಮಾರಿದವರು, ಕುಡಿದವಳನ್ನು ಕಳಿಸಿ ಎಂತ ಮಾಡುವುದು?” ಎಂದರು. ಆದರೂ ಒಪ್ಪಿದರು. ನಾನು ವಾದಿಸಿದರೆ ಯಾರು ತಾನೇ ಒಪ್ಪುವುದಿಲ್ಲ?

ಶಾನುಗೆ ಹೇಳಿದೆ. “ಪಾಪ, ಬಿಡು ಅತ್ಲಾಗ. ಹುಡುಗ್ಯಾರು ತಿಳೀದ ಏನರೇ ಕುಡಿತಾರ,” ಎಂದ. ಎಂಥ ಮೃದು ಮನಸ್ಸು ಇವನದು!

ಜನವರಿ 27, ಸೋಮವಾರ

ಯಶೋಧರಾಳ ತಾಯಿ ಸಾಬವ್ವ ಗೊಬ್ಬೂರಿನಿಂದ ಬಸ್ಸಿಗೆ ಬಂದಿದ್ದಳು. ತೊಗರಿ ರಾಶಿಯ ಕೆಲಸ ಬಿಟ್ಟು ಬಂದದ್ದು, ಸೆರಗಿನಲ್ಲಿ ಇನ್ನೂ ಹೊಟ್ಟು ಅಂಟಿತ್ತು. ಸ್ಟಾಫ್ ರೂಮಿನಲ್ಲಿ ಕುರ್ಚಿ ತೋರಿಸಿದರೂ ಕೂಡಲಿಲ್ಲ.

“ಅಕ್ಕೋರ, ಇಕಿ ಹೇಳ್ಯಾಳ್ರಿ, ನಮ್ಮ ಹೊಸ ಮಿಸ್ ಅಕ್ಷರ ಮುತ್ತಿನಂಗ ಅದಾವ ಅಂತ. ನೀವಽ ಒಂದು ಮಾತು ಹೇಳ್ರಿ ಸಿಸ್ಟರಿಗಿ. ನಮ್ಮ ಮನಿತನದಾಗ ಹತ್ತನೇ ಇಯತ್ತೆ ಕಂಡಾಕಿ ಇಕಿ ಒಬ್ಬಾಕೇ ರಿ.”

“ಹೆಸರು ಹೇಳಾಕ ಹೇಳ್ರಿ ನಿಮ್ಮ ಮಗಳಿಗೆ. ಅಷ್ಟೇ ಕೇಳಿದ್ದು ನಾವು.”

“ಬಡದು ಕೇಳಿದೆ ರಿ. ‘ಹೇಳಿದ್ರ ಒಳ್ಳೇವ್ರಿಗಿ ಹತ್ತತದ ಯವ್ವಾ’ ಅಂತಾಳ್ರಿ. ಏನ್ ಅದರ ಅರ್ಥ ನಂಗ ತಿಳೀವಲ್ದು.”

ಒಳ್ಳೆಯವರಂತೆ! ಸಿರಪ್ ಮಾರುವ ಒಳ್ಳೆಯವರು. ಮಗಳನ್ನು ಬೆಳೆಸಿದ ರೀತಿಗೆ ತಾಯಿಯೂ ಉತ್ತರ ಕೊಡಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವಳಿಗೆ ತಿಳಿಯಲಿಲ್ಲ. ಕೈಮುಗಿದು ಹೋದಳು.

ಆ ಕೈಮುಗಿದದ್ದು ಯಾಕೋ ಊಟ ಮಾಡುವಾಗ ನೆನಪಾಯಿತು. ಅತ್ತೆ ಮಾಡಿದ ಪುಂಡಿಪಲ್ಯ ಇವತ್ತು ಸಪ್ಪೆ.

ಫೆಬ್ರವರಿ 1, ಶನಿವಾರ

ಜೇವರ್ಗಿಯಲ್ಲಿ ಶಿಕ್ಷಕರ ತರಬೇತಿ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲ್ಲೂಕಿನ ಶಾಲೆಗಳವರು ಬಂದಿದ್ದರು. ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಿಂದ ಬಂದ ಒಬ್ಬ ಅಧ್ಯಾಪಕ ಎರಡು ತಾಸು ಪರದೆಯ ಮೇಲೆ ಗ್ರಾಫ್ ತೋರಿಸಿದ. ಅರ್ಧ ಜನ ನಿದ್ದೆ, ಇನ್ನರ್ಧ ಊಟದ ಕೂಪನ್ ಎಣಿಸುತ್ತಿದ್ದರು.

ಆಮೇಲೆ ನನ್ನ ಸರದಿ! ಮೈಕು ಹಿಡಿದೆ. “ಮಕ್ಕಳನ್ನು ಬೈಯುವ ಮೊದಲು ಕೌಂಟರಿನ ಹಿಂದೆ ನಗುತ್ತ ಕೂತವನನ್ನು ನೋಡಿ. ಒಂದು ಹುಡುಗಿ ವಾರಕ್ಕೊಮ್ಮೆ ಅದೇ ಬಾಟಲಿ ಕೇಳಿದರೆ ಅವನಿಗೆ ತಿಳಿಯುವುದಿಲ್ಲವೆ? ತಿಳಿದೇ ಕೊಡುತ್ತಾನೆ. ಅಂಥವನ ಮನೆಯ ಅನ್ನ ತಿನ್ನುವವರಿಗೆ ನಾಚಿಕೆಯಾಗಬೇಕು!” ಇಡೀ ಸಭೆ ಚಪ್ಪಾಳೆ. ಆಳಂದದ ಒಬ್ಬರು ಎದ್ದು ನಿಂತು ತಟ್ಟಿದರು.

ಬಸ್ಸಿನಲ್ಲಿ ಸಿಸ್ಟರ್ ಕಿಟಕಿಯಾಚೆ ನೋಡುತ್ತ ಕೂತಿದ್ದರು. “ಚೆನ್ನಾಗಿ ಮಾತಾಡಿದಿರಿ ವಿದ್ಯಾ,” ಎಂದರು. ಮತ್ತೆ ಕಿಟಕಿಯತ್ತ ತಿರುಗಿದರು. ಹೊಟ್ಟೆಕಿಚ್ಚಿರಬೇಕು.

ಮನೆಯಲ್ಲಿ ಶಾನುಗೆ ಭಾಷಣವನ್ನು ಪೂರ್ತಿ ಮಾಡಿ ತೋರಿಸಿದೆ. ಅವನು ಟಿವಿ ಸದ್ದು ಹೆಚ್ಚಿಸಿದ.

ಫೆಬ್ರವರಿ 4, ಮಂಗಳವಾರ

ಹತ್ತನೇ ತರಗತಿಯ ಇಂಗ್ಲಿಷ್ ನೋಟ್‌ಬುಕ್ಕುಗಳನ್ನು ತಿದ್ದುತ್ತಿದ್ದೆ. ಯಶೋಧರಾಳದು ಎಲ್ಲಕ್ಕಿಂತ ಕೆಳಗಿತ್ತು. ಪ್ರಬಂಧದ ವಿಷಯ: ನಾನು ಮೆಚ್ಚುವ ವ್ಯಕ್ತಿ. ನನ್ನ ಮೇಲೆ ಬರೆದಿದ್ದಳು. ನನ್ನ ಸೀರೆಗಳು, ನನ್ನ ನಗು, ನನ್ನ ಅಕ್ಷರ. ತಪ್ಪುಗಳು ಕಡಿಮೆ.

ಹಿಂದಿನ ರಟ್ಟಿನ ಕಾಗದದ ಹೊದಿಕೆ ಸಡಿಲಾಗಿತ್ತು, ಅದರ ಒಳಗೆ ಅಂಟಿಸಿದ್ದಳು. ಎರಡು ಸಾಲಿನಲ್ಲಿ ಒಪ್ಪವಾಗಿ, ಐದು ಎಸಳಿನ ಗುಲಾಬಿ ಹೂಗಳು. ಬೇಗ ಹುಷಾರಾಗ್ರಿ, ಬೇಗ ಹುಷಾರಾಗ್ರಿ, ಬೇಗ ಹುಷಾರಾಗ್ರಿ. ಒಟ್ಟು ಏಳು. ಏಳೂ ನಗುತ್ತಿದ್ದವು.

ಬೆಲ್ ಆಯಿತು. ದೌಲತರಾಯ ಕೇಳಿದ: “ಯಾಕ್ರಿ ಮೇಡಂ, ಆರಾಮಿಲ್ಲೇನ್? ಮಾರಿ ಬೆಳ್ಳಗಾಗ್ಯಾದ.”

ಫೆಬ್ರವರಿ 5, ಬುಧವಾರ

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಗೆ ಹೋಗಿ ಕೇಳಿದೆ. ಶಾಂತಕುಮಾರ ಮುಚ್ಚಿಡಲೇ ಇಲ್ಲ.

“ಹೌದು, ಕೊಟ್ಟೇನಿ. ಮೊದಲ ಸಲ ಹಾಸ್ಟೆಲ್ ಚೀಟಿ ತಂದಿದ್ಲು. ಆಮ್ಯಾಲ ಹಂಗೇ ಕೇಳಾಕತ್ತಿದ್ಲು.”

“ಹಂಗೇ ಕೊಟ್ರಿ?”

“ನಾ ಕೊಡಲಿಲ್ಲಂದ್ರ ಎದುರಿನಾವ ಕೊಡ್ತಾನ. ಇಕಿ ಒಬ್ಬಾಕೇ ಅಂತ ತಿಳದಿಯೇನ್? ಕಾಲೇಜ್ ಹುಡುಗರು ಎಷ್ಟ್ ಮಂದಿ ಬರ್ತಾರ ಗೊತ್ತದ? ನೀನಽ ಹೂವು ಅಂಟ್ಸಿ ಕೊಟ್ಟೀದಿ ಒಂದೆರಡು ಸಲ, ನೆನಪಿಲ್ಲ?”

ನೆನಪಿದೆ. ಸಂಕ್ರಾಂತಿಯ ಹಿಂದಿನ ರವಿವಾರ. ಹಾಸ್ಟೆಲಿನ ಹುಡುಗಿಯರನ್ನು ಪೇಟೆಗೆ ಬಿಟ್ಟಿದ್ದರು. ಆಕೆ ಬಂದಿದ್ದಳು. ಬಾಟಲಿಯಲ್ಲಿ ಏನಿದೆ ಎಂದು ನಾನು ನೋಡಲೇ ಇಲ್ಲ. ಹೂವು ನೆಟ್ಟಗೆ ಕೂತಿದೆಯೋ ಇಲ್ಲವೋ ಎಂದಷ್ಟೇ ನೋಡಿದೆ. “ಥ್ಯಾಂಕ್ಯೂ ಮಿಸ್” ಎಂದಿದ್ದಳು.

ಅತ್ತೆಗೂ ಗೊತ್ತಿದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಹೇಳಿದರು: “ಸುಮ್ಮ ಇರು ಬೇ ವಿದ್ಯಾವತಿ. ಶುಕ್ರಾರ ಆ ಹುಡುಗಿ ಹೋಗ್ತಾಳ, ಮಾತು ಮುಗೀತದ. ಗಂಡನ ಅಂಗಡಿ ಮುಚ್ಚಿಸಿ ಯಾರ ಮನ್ಯಾಗ ಉಣ್ಣಾಕಿ ನೀ?”

ಕೊಲ್ಲಿಪಾಕದಿಂದ ಬಂದ ಕುಲಗುರುಗಳ ಹೆಸರು ಹೇಳಿ ದಿನಾ ಲಿಂಗಪೂಜೆ ಮಾಡುವ ಮನೆ. ಕಾಯಕದ ಮೇಲಿನ ವಚನಗಳು ಅಂಗಡಿಯ ಗೋಡೆಗೆ ಚೌಕಟ್ಟು ಹಾಕಿ ತೂಗಿವೆ. ಅದರ ಕೆಳಗಿನ ಕಪಾಟಿನಲ್ಲಿ ಆ ಸಿರಪ್. ಚೌಕಟ್ಟಿನ ಧೂಳನ್ನು ದಿನಾ ಒರೆಸುವವನು ಶಾಂತಕುಮಾರ.

ಈ ಮನುಷ್ಯನಿಗೆ ನಾನು ಮುದ್ದು ಹೆಸರು ಇಟ್ಟಿದ್ದೆ.

ಫೆಬ್ರವರಿ 6, ಗುರುವಾರ

ತಲೆನೋವು ಎಂದು ಶಾಲೆಗೆ ಹೋಗಲಿಲ್ಲ. ತಲೆನೋವು ಇರಲಿಲ್ಲ.

ಶುಕ್ರವಾರವೂ ಹೋಗದಿದ್ದರೆ ಮುಗಿಯಿತು. ಅವಳು ಹೇಳುವುದಿಲ್ಲ.

ಫೆಬ್ರವರಿ 7, ಶುಕ್ರವಾರ

ಹೋದೆ.

ಸಿಸ್ಟರ್ ಅವರ ಮೇಜಿನ ಮೇಲೆ ಆ ಬಾಟಲಿ, ಪಕ್ಕದಲ್ಲಿ ಟಿ.ಸಿ. ಫಾರ್ಮು. ಕಾರಣದ ಜಾಗದಲ್ಲಿ ದೌಲತರಾಯ ಆಗಲೇ ‘ದುರ್ನಡತೆ’ ಎಂದು ತುಂಬಿದ್ದ. ಗೋಡೆಗೆ ಆನಿಕೊಂಡು ಯಶೋಧರಾ. ಬಾಗಿಲಲ್ಲಿ ಸಾಬವ್ವ, ಮಗಳ ಟ್ರಂಕು ಒಯ್ಯಲು ಬಂದವಳು.

“ಕಡೀ ಸಲ ಕೇಳ್ತೇನಿ. ಯಾರು ಮಾರಿದ್ರು?” ಎಂದ ದೌಲತರಾಯ.

“ಹೇಳಂಗಿಲ್ರಿ ಸರ್.”

ನನ್ನ ಪರ್ಸಿನಲ್ಲಿ ಒಂದು ಹೂವು ಉಳಿದಿತ್ತು. ತೆಗೆದೆ. ಹಿಂದಿನ ಹಾಳೆಯ ಅಂಚು ಉಗುರಿಗೆ ಸಿಗಲಿಲ್ಲ, ಎರಡು ಸಲ ಜಾರಿತು. ಬಾಟಲಿಯನ್ನು ಎತ್ತಿ ಆ ಅಂಟಿನ ಗುರುತಿನ ಮೇಲೆ ಒತ್ತಿದೆ. ಐದೂ ಎಸಳು ಸರಿಯಾಗಿ ಕೂತವು. ಒಂದು ಎಳೆಯೂ ಹೊರಗೆ ಚಾಚಲಿಲ್ಲ.

“ನಮ್ಮ ಅಂಗಡಿ,” ಎಂದೆ. “ಸುಭದ್ರಾ ಮೆಡಿಕಲ್. ಮಾರಿದವರು ನನ್ನ ಗಂಡ ಶಾಂತಕುಮಾರ. ಹೂವು ಅಂಟಿಸಿದವಳು ನಾನು.”

ದೌಲತರಾಯ ತಲೆ ಮೇಲೆತ್ತುವುದನ್ನು ಮರೆತ. ಗುಟ್ಕಾ ರಸ ಗಲ್ಲದ ಮೇಲೆ ಇಳಿಯಿತು.

ಯಶೋಧರಾ ಅಳತೊಡಗಿದಳು. “ನಾ ಹೇಳಿಲ್ರಿ ಮಿಸ್. ಖರೇನೇ ಹೇಳಿಲ್ರಿ. ನಿಮಗ ಹತ್ತತದಂತ ನಾ ಎಲ್ಲಾ ಕಿತ್ತಿದ್ದೆ ರಿ.”

“ಗೊತ್ತದ. ನೀ ಹೇಳಿಲ್ಲ.”

ದೌಲತರಾಯ ಗಲ್ಲ ಒರೆಸಿಕೊಂಡು, ಹುಡುಗಿ ತಾನಾಗಿ ಹೇಳಿಲ್ಲವಾದ್ದರಿಂದ ನಿಯಮದ ಪ್ರಕಾರ ಟಿ.ಸಿ. ಕೊಡಲೇಬೇಕು ಎಂದು ಶುರು ಮಾಡಿದ. ಸಿಸ್ಟರ್ ಫಾರ್ಮು ತೆಗೆದು ಎರಡು ಚೂರು ಮಾಡಿದರು. “ನಿಯಮ ಮಾಡಿದವರೇ ಬಂದು ಹೆಸರು ಹೇಳಿದರಲ್ಲ ಮಾರಾಯರೇ. ನೀವು ಮೊದಲು ಬಾಯಿ ತೊಳೆದು ಬನ್ನಿ. ನಾಳೆಯಿಂದ ಈ ಶಾಲೆಯೊಳಗೆ ಆ ಕೆನ್ನೆ ತರಬೇಡಿ.”

ನನಗೆ ಒಂದು ಬಿಳಿ ಹಾಳೆ ಕೊಟ್ಟರು. ಔಷಧ ಇಲಾಖೆಗೆ ದೂರು. ಬರೆದೆ. ಕೆಳಗೆ ಸಹಿ ಹಾಕಿದೆ. ಅದೇ ಸುರುಳಿ ಅಕ್ಷರ. ಇಷ್ಟು ಜಂಬದ ಅಕ್ಷರ ಯಾರು ಕಲಿಸಿದರೋ ನನಗೆ.

ಹೊರಗೆ ಸಾಬವ್ವ ಈ ಸಲ ಕೈಮುಗಿಯಲಿಲ್ಲ. ಖಾಲಿ ಕೈಯಲ್ಲಿ ಬಸ್ಸಿಗೆ ನಡೆದಳು, ಟ್ರಂಕು ಹಾಸ್ಟೆಲಿನಲ್ಲೇ ಉಳಿಯಿತು.

ಫೆಬ್ರವರಿ 17, ಸೋಮವಾರ

ಇನ್‌ಸ್ಪೆಕ್ಟರ್ ಬಂದು ಅಂಗಡಿಗೆ ಬೀಗ ಹಾಕಿಸಿ ಆರು ದಿನ ಆಯಿತು. ಎದುರಿನ ಅಂಗಡಿಯವನು ಭಯಕ್ಕೆ ಆ ಸಿರಪ್ಪನ್ನೆಲ್ಲ ವಾಪಸ್ ಕಳಿಸಿದನಂತೆ.

ಅತ್ತೆ ನನ್ನೊಂದಿಗೆ ಪಾತ್ರೆಗಳ ಮೂಲಕ ಮಾತಾಡುತ್ತಾರೆ. ಶಾಂತಕುಮಾರ ಇವತ್ತು, “ಪಲ್ಯಾಕ ಉಪ್ಪು ಹೆಚ್ಚಾಗ್ಯಾದ,” ಎಂದ. ಹತ್ತು ದಿನದಲ್ಲಿ ಮೊದಲ ಮಾತು. ಹೆಚ್ಚಾಗಿರಲಿಲ್ಲ.

ಅಪ್ಪ ಕಲಬುರಗಿಯಿಂದ ಫೋನು ಮಾಡಿ ಬಂದುಬಿಡು ಎಂದರು. ಪರೀಕ್ಷೆ ಮುಗಿಯುವವರೆಗೆ ಆಗುವುದಿಲ್ಲ ಎಂದೆ. ಯಾರ ಪರೀಕ್ಷೆ ಎಂದು ಕೇಳಿದರು.

ಮಾರ್ಚ್ 20, ಗುರುವಾರ

ನಾಳೆ ಮೊದಲ ಪೇಪರು, ಕನ್ನಡ.

ಒಂದು ತಿಂಗಳಿನಿಂದ ದಿನಾ ನಾಲ್ಕಕ್ಕೆ ಯಶು ನನ್ನೆದುರು ಕೂಡುತ್ತಾಳೆ. ಸಿಸ್ಟರ್ ಹಾಕಿದ ಪದ್ಧತಿ: ಶಿಕ್ಷೆಯ ಬದಲು ಒಬ್ಬ ಟೀಚರ್ ಜೊತೆ ಅರ್ಧ ತಾಸು. ಮೊದಲ ವಾರ ಇಬ್ಬರೂ ಮೇಜು ನೋಡಿದೆವು. ಸಿರಪ್ ಬಿಟ್ಟ ಮೇಲೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ, ಬೆವರುತ್ತಿದ್ದಳು. ಸಿಸ್ಟರೇ ಎರಡು ಸಲ ಕಲಬುರಗಿಯ ಡಾಕ್ಟರ ಹತ್ತಿರ ಕರೆದೊಯ್ದರು. ಈಗ ಅವಳು ಓದುತ್ತಾಳೆ, ನಾನು ಕೇಳುತ್ತೇನೆ. ಕನ್ನಡ ವ್ಯಾಕರಣದಲ್ಲಿ ನಾನು ಎರಡು ಸಲ ತಪ್ಪು ಹೇಳಿದೆ, ತಿದ್ದಿದಳು. ಆರು ವಾರದ ಮನಶ್ಶಾಸ್ತ್ರ ಕೋರ್ಸಿನ ಸರ್ಟಿಫಿಕೇಟನ್ನು ಅವಳ ನೋಟ್‌ಬುಕ್ಕಿಗೆ ಹೊದಿಕೆಯಾಗಿ ಹಾಕಿದ್ದೇನೆ, ಕಾಗದ ದಪ್ಪ ಇದೆ.

ಇವತ್ತು ಓದುತ್ತ ಓದುತ್ತ ಕೆಮ್ಮಿದಳು. ಪುಸ್ತಕದಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಮತ್ತೆ ಕೆಮ್ಮಿದಳು.

“ಧೂಳ ಅದ ರಿ ಮಿಸ್,” ಎಂದಳು. “ಬರೇ ಧೂಳು.”

ನಾನು ಹಾಸ್ಟೆಲಿನ ಅಡಿಗೆಮನೆಗೆ ಹೋಗಿ ಬಿಸಿನೀರು ತಂದೆ. ಅದರಲ್ಲಿ ಏನೂ ಹಾಕಿರಲಿಲ್ಲ. ಅವಳು ಲೋಟವನ್ನು ತಿರುಗಿಸಿ ತಿರುಗಿಸಿ ಬೆನ್ನು ನೋಡಿದಳು.

“ಹೂವು ಇಲ್ರಿ ಇದಕ?”

“ಕುಡಿ ಸುಮ್ಮ,” ಎಂದೆ.

ಕುಡಿದಳು. ಲೋಟ ಖಾಲಿಯಾಗುವವರೆಗೆ ನೋಡುತ್ತ ಕೂತೆ.